ಮೊದಲ ಕೊಡದ ನೀರು

೧೯೪೮ರ ಏಪ್ರಿಲ್ ೧೨, ಬೆಳಿಗ್ಗೆ ಒಂಬತ್ತೂವರೆ. ಬೀಜಾಡಿ ಶಾಲಾ ಸಮಿತಿಯ ರಾಜೀವ ಏದುಸಿರು ಬಿಡುತ್ತ ಕುಂದಾಪುರ ಠಾಣೆಗೆ ಬಂದ. ಹೊಸ ಶಾಲೆಯ ಗೋಡೆ ಕುಸಿದು ಕೂಲಿಯಾಳು ಗುಡ್ಡನ ಕಾಲು ಮುರಿದಿತ್ತು. ಮೇಸ್ತ್ರಿ ಚೆನ್ನಯ್ಯ ಸರ್ಕಾರ ಅಳೆದು ಕೊಟ್ಟ ಪರ್ಮಿಟ್ ಸಿಮೆಂಟು ಕದ್ದು ಬರೀ ಮರಳಲ್ಲಿ ಕಟ್ಟಿದ್ದಾನೆಂದು ದೂರು. ಎಫ್‌ಐಆರ್ ದಾಖಲಾಯಿತು.

ಪಂಚನಾಮೆ ಮುಗಿಯದೆ ಸಬ್ ಇನ್ಸ್‌ಪೆಕ್ಟರ್ ಕೃಷ್ಣಯ್ಯ ಯಾರ ಕೈಗೂ ಕೋಳ ಹಾಕಿದವರಲ್ಲ. ಆ ಜಂಬ ಅವರಿಗೆ ಚೆನ್ನಾಗಿಯೇ ಇತ್ತು.

ಹನ್ನೊಂದು ಗಂಟೆಗೆ ಪಂಚರೆದುರು ಉಳಿದ ಗೋಡೆಯನ್ನು ಕೆರೆದು ನೋಡಿದರು. ಗಾರೆ ಉಗುರಿಗೇ ಉದುರಿತು. ಮೇಲೆಲ್ಲ ಬಿಳಿ ಪುಡಿ. ನಾಲಿಗೆಗೆ ಹಚ್ಚಿದರೆ ಉಪ್ಪು. ಚೆನ್ನಯ್ಯ ಪ್ರತಿದಿನದ ಕೆಲಸದ ಆರಂಭಕ್ಕೆ ಇದ್ದಿಲ ಗೆರೆ ಎಳೆದಿದ್ದ. ಪ್ರತಿ ಗೆರೆಯ ಮೇಲಿನ ಮೊದಲ ಸಾಲು ಮಾತ್ರ ಉಳಿ ಹೊಡೆದರೂ ಜಗ್ಗಲಿಲ್ಲ. ಸಿಮೆಂಟು ಕದ್ದವನು ದಿನಾ ಒಂದೇ ಸಾಲನ್ನು ಯಾಕೆ ಗಟ್ಟಿ ಮಾಡಿಯಾನು?

"ನೀರು ನೋಡಿದ್ದೆಯಾ?" ಕೃಷ್ಣಯ್ಯ ಕೇಳಿದರು.

ಚೆನ್ನಯ್ಯ ಎದೆ ಸೆಟೆಸಿ ನಿಂತ. "ಹ್ವಾಯ್, ಎಂತ ಕೇಂತ್ರಿ! ದಿನಾ ಮೊದ್ಲ್ ಕೊಡದ್ ನೀರ್ ನಾಲ್ಗಿ ಮೇಲ್ ಹಾಯ್ಕಂಡೇ ನಾ ಗಾರಿ ಕಲ್ಸುದ್."

"ಉಳಿದ ಕೊಡದ್ದು?"

ಚೆನ್ನಯ್ಯ ಖಾಲಿ ಕೊಡಗಳತ್ತ ತಿರುಗಿ ನೋಡಿದ. ಗಾರೆಗೆ ನೀರು ಹೊರುತ್ತಿದ್ದವಳು ಊರಿನ ಕೂಲಿ ಹೆಂಗಸು ಸೀತು.

ಕೃಷ್ಣಯ್ಯ ಠಾಣೆಯಂಗಳದಲ್ಲಿ ಚೆನ್ನಯ್ಯನ ಕೈಯಿಂದಲೇ ಎರಡು ಉಂಡೆ ಕಟ್ಟಿಸಿದರು: ಅದೇ ಸಿಮೆಂಟು, ಅದೇ ಮರಳು, ಒಂದಕ್ಕೆ ಬೀಜಾಡಿ ಬಾವಿಯ ನೀರು, ಇನ್ನೊಂದಕ್ಕೆ ಅಲ್ಲಿನ ಹೊಳೆಯ ಕೆಸರು ಬೆರೆತ ಉಪ್ಪುನೀರು. ಏಳನೆಯ ದಿನ ಕಾನ್‌ಸ್ಟೆಬಲ್ ನಾಗು ಎರಡನ್ನೂ ಹಿಸುಕಿದ. ಬಾವಿ ನೀರಿನದು ಅಲುಗಲಿಲ್ಲ, ಹೊಳೆ ನೀರಿನದು ಪುಡಿಯಾಯಿತು. ಕೃಷ್ಣಯ್ಯ ಮೀಸೆ ತೀಡಿಕೊಂಡರು. ಚೆನ್ನಯ್ಯ ಗಟ್ಟಿ ಉಂಡೆಯನ್ನು ಎಲ್ಲರಿಗೂ ಎತ್ತಿ ತೋರಿಸಿದ.

ಏಪ್ರಿಲ್ ೧೯, ಸಂಜೆ ನಾಲ್ಕು ಗಂಟೆ. ಸೀತು ಸುಳ್ಳಾಡಲಿಲ್ಲ.

"ಹೌದ್, ಮೊದ್ಲ್ ಕೊಡ ಬಾವಿದ್, ಮತ್ತೆಲ್ಲಾ ಹೊಳಿದ್. ಇಡೀ ಊರಿಗೆ ಸೀ ನೀರಿನ್ ಬಾವಿ ಅದೊಂದೇ. ಗ್ವಾಡಿಗೇ ಎಲ್ಲಾ ಸುರ್ದ್ರೆ ಮಕ್ಳಿಗೆ ಕುಡೂಕ್ ಎಂತ ಇತ್ತ್?" ಸೊಂಟದ ಕೊಡವನ್ನು ಕೆಳಗಿಟ್ಟಳು. "ಗುಡ್ಡನ್ ಕಾಲಿಗ್ ಮಾತ್ರ ನಾನೇ ಹೊಣಿ."

ದಸ್ತಗಿರಿ ಮಾಡಿ ಕರೆದೊಯ್ಯುವಾಗ ಸೀತು ಬಾವಿಕಟ್ಟೆಯ ಬಳಿ ನಿಂತಳು. "ಕಾಣಿ ಸ್ವಾಮಿ, ಇನ್ನೂ ಎರಡ್ ಮೊಳ ನೀರ್ ಇತ್ತ್." ತಲೆ ತಗ್ಗಿಸದೆ ನಡೆದಳು. ಜಾಮೀನು ನಿಲ್ಲಲು ಚೆನ್ನಯ್ಯ ಆಗಲೇ ಅಂಗಿ ಹಾಕಿಕೊಂಡು ಹಿಂದೆ ಹೊರಟಿದ್ದ.

ಕೃಷ್ಣಯ್ಯ ಬಗ್ಗಿ ನೋಡಿದರು. ನೀರಿತ್ತು. ಡೈರಿಯಲ್ಲಿ ಅಪರಾಧದ ಕಾರಣದ ಎದುರು ಅಷ್ಟನ್ನೇ ಬರೆದರು: ಬಾವಿ ಬತ್ತಿಲ್ಲ.