ಮನೋಳಿ ಪಂಪ್‌ಹೌಸಿನ ಕೆಂಪು ಪರದೆ

ಮನೋಳಿಯ ಪಂಪ್‌ಹೌಸಿನ ಬಾಗಿಲನ್ನು ಮುಂಜಾನೆ ತೆರೆದ ಆಪರೇಟರ್ ಸತ್ಯಪ್ಪ ಹೊಸ್ತಿಲಲ್ಲೇ ನಿಂತುಬಿಟ್ಟ. ಕಂಪ್ಯೂಟರಿನ ಪರದೆ ಕೆಂಪಗೆ ಉರಿಯುತ್ತಿತ್ತು. ನಡುವೆ ತಲೆಬುರುಡೆ. ಕೆಳಗೆ ಒಂದು ಸಾಲು: 'ನಿಮ್ಮ ನೀರು ಈಗ ನಮ್ಮದು.'

ಹೊರಗೆ ಮಲಪ್ರಭೆ ತುಂಬಿ ಹರಿಯುತ್ತಿದ್ದಳು. ಪಂಪುಗಳು ಮಾತ್ರ ಮಿಸುಕಲಿಲ್ಲ. ಸಂಜೆಯೊಳಗೆ ಅವು ಶುರುವಾಗದಿದ್ದರೆ ಬೈಲಹೊಂಗಲದ ನಳಗಳೆಲ್ಲ ಬತ್ತುತ್ತವೆ. ಆಸ್ಪತ್ರೆಯ ನಳವೂ.

ಸತ್ಯಪ್ಪ ಮೊಬೈಲ್ ತೆಗೆದ.

*

ಕರೆ ಹೋದದ್ದು ಹಿನಾಕೌಸರಳಿಗೆ. ದಿನನಿತ್ಯ ಆಕೆ ಬೈಲಹೊಂಗಲದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ. ಕರೆ ಬಂದರೆ ಸೇನೆಯ ಮೀಸಲು ಸೈಬರ್ ತುಕಡಿಯ ಕ್ಯಾಪ್ಟನ್. ನೀರು, ವಿದ್ಯುತ್ತಿನ ಜಾಲಗಳನ್ನು ಕಾಯುವುದು ಆ ತುಕಡಿಯ ಕೆಲಸ. ಅದರ ಹವಾಲ್ದಾರ ನಾಸಿರ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಶಟರ್ ಎಳೆದು ಬೈಕ್ ತಂದ.

ಮುರಗೋಡದ ಬಳಿ ನಿಲ್ಲಬೇಕಾಯಿತು. ಅರ್ಧ ರಸ್ತೆ ಅಗೆದಿದ್ದರು. ಜೆಸಿಬಿ ಚಾಲಕನನ್ನು ಊರವರು ಮುತ್ತಿದ್ದರು.

"ಏನಾತ್ರಿ?" ನಾಸಿರ ಕೇಳಿದ.

"ನಿನ್ನಿ ಸಂಜೀಕ ಇಂವಾ ನೆಟ್ಟಿನ ಕೇಬಲ್ ಕಡದಾನ್ರಿ. ರಾತ್ರಿಯಿಡೀ ನೆಟ್ ಇಲ್ಲ!" ಎಂದಳೊಬ್ಬಾಕೆ.

"ನನ್ನ ಕೇಳಿ ಹುಗದಿದ್ರೇನ್ರಿ?" ಚಾಲಕ ಗೊಣಗಿದ.

ಹಿನಾ ಗುಂಡಿಗೆ ಬಾಗಿದಳು. "ನಾಸಿರ, ಈ ಲೈನ್ ಎಲ್ಲಿಗೆ ಹೊಕ್ಕೈತಿ?"

"ಮನೋಳಿಗೆ ಇದೊಂದ ಲೈನ್ರಿ."

ಹಿನಾ ಬೈಕ್ ಏರಿದಳು. ತುಟಿಯಂಚಿನಲ್ಲಿ ಸಣ್ಣ ನಗು.

*

ಪಂಪ್‌ಹೌಸಿನಲ್ಲಿ ಸುಭಾಸ ಆಗಲೇ ಹಾಜರಿದ್ದ. ಯಂತ್ರ ಕೂರಿಸಿದ ಕಂಪನಿಯ ಸವದತ್ತಿಯ ಎಂಜಿನಿಯರ್. ಇಸ್ತ್ರಿ ಮುರಿಯದ ಶರ್ಟು.

"ಬರ್ರಿ ಕ್ಯಾಪ್ಟನ್. ಮುಂಜಾನೆ ಮನ್ಯಾಗ ಲ್ಯಾಪ್‌ಟಾಪ್ ತಗದು ಈ ಪಂಪ್‌ಹೌಸಿನ ಪರದಿ ನೋಡಿದ್ನಿ, ಇದ ಬುರುಡಿ ಕಂಡ್ತು. ಓಡಿ ಬಂದ್ನಿ. ನೋಡ್ರಿ, ರಾತ್ರಿ ವಿದೇಶದಿಂದ ನುಗ್ಗ್ಯಾರ. ನಿಮ್ಮ ತುಕಡಿ ಮಲಗಿತ್ತೇನು?"

ಅವನ ಮಾತಿಗೆ ಸಾಕ್ಷಿಯೆಂಬಂತೆ ಪರದೆಯಲ್ಲಿ ದೂರದ ದೇಶದ ಇಂಟರ್ನೆಟ್ ವಿಳಾಸವೊಂದು ಕುಣಿಯುತ್ತಿತ್ತು.

"ಇಲ್ಲಾಂದ್ರ ಇಂವಂದ ಕಾರಬಾರು." ಸುಭಾಸ ಸತ್ಯಪ್ಪನತ್ತ ನೋಡಿ, ಕಂಪ್ಯೂಟರಿಗೆ ಜೋತುಬಿದ್ದ ಚಾರ್ಜರ್ ವೈರನ್ನು ತೋರಿಸಿದ. "ಫೋನ್ ಹಚ್ಚಿ ವೈರಸ್ ತಂದಾನ."

ಸತ್ಯಪ್ಪನ ಮುಖ ಬಿಳಿಚಿತು. "ಚಾರ್ಜಿಗೆ ಹಚ್ಚಿದ್ದು ಖರೇರಿ ಯವ್ವಾ. ನನ್ನ ನೌಕರಿ ಹೋತೇನ್ರಿ?"

ನಾಸಿರ ವೈರನ್ನು ಬಿಚ್ಚಿ, ತನ್ನ ಮೀಟರಿಗೆ ಹಚ್ಚಿ ನೋಡಿದ. "ಇದರಾಗ ಬರೇ ಕರೆಂಟ್ ಹರೀತೈತ್ರಿ. ಡೇಟಾದ ತಂತಿನ ಇಲ್ಲ."

ಸತ್ಯಪ್ಪ ಉಸಿರು ಬಿಟ್ಟ. ನಾಸಿರ ಕಂಪ್ಯೂಟರಿನ ಒಡಲು ಕೆದಕತೊಡಗಿದ. "ಮೇಡಂ, ನಿನ್ನಿ ಮಧ್ಯಾಹ್ನ ಯಾವುದೋ ಪೆನ್‌ಡ್ರೈವ್ ಹಚ್ಚ್ಯಾರ್ರಿ."

"ನಿನ್ನಿ ಯಾರ ಬಂದಿದ್ರು, ಸತ್ಯಪ್ಪ?"

"ಸುಭಾಸ ಸಾಹೇಬ್ರ ಬಂದಿದ್ರಲ್ರಿ. ನನ್ನ ಚಾ ತರಾಕ ಕಳಸಿದ್ರು."

"ಸರ್ವಿಸಿಗೆ ಬಂದಿದ್ನಿ," ಸುಭಾಸ ನಕ್ಕ. "ಅದೇನ ಗುನ್ನೇನ?"

*

ಹಿನಾ ಕುರ್ಚಿ ಎಳೆದು ಕುಳಿತಳು.

"ಸುಭಾಸ, ನಿನ್ನಿ ಸಂಜಿಯಿಂದ ಮುರಗೋಡದಾಗ ಕೇಬಲ್ ಕಡದೈತಿ. ಈ ಕಂಪ್ಯೂಟರಿಗೆ ಬ್ಯಾರೆ ದಾರಿ ಇಲ್ಲ. ವಿದೇಶದವ್ರು ರಾತ್ರಿ ಹೆಂಗ ಬಂದ್ರು? ಈಜಿಕೊಂಡೇನು?"

ಸುಭಾಸನ ನಗು ಗಾಳಿ ಹೋದ ಬಲೂನಿನಂತೆ ಕುಗ್ಗಿತು.

"ಆ ವಿಳಾಸ ಸುಳ್ಳು. ಪೆನ್‌ಡ್ರೈವಿನ್ಯಾಗಿನ ಪ್ರೋಗ್ರಾಂ ಅದನ್ನ ಬರದೈತಿ, ರಾತ್ರಿ ತಾನಾಗೇ ಎದ್ದು ಪಂಪ್ ನಿಲ್ಲಿಸೈತಿ. ಕೇಬಲ್ ಕಡಿದದ್ದು ನಿಮಗ ಗೊತ್ತಿರಲಿಲ್ಲ. ಅದಕ್ಕ ಮನ್ಯಾಗ ಬುರುಡಿ ಕಂಡ್ತು ಅಂದ್ರಿ. ಇಲ್ಲಿಂದ ಸವದತ್ತಿಗೆ ಒಂದ ಅಕ್ಷರನೂ ಹೋಗಾಂಗಿರಲಿಲ್ಲ. ಯಾರೂ ಕರೀದನ ಓಡಿ ಬಂದ್ರಿ. ನೋಡದನ ಬುರುಡಿ ಐತಿ ಅಂತ ಗೊತ್ತಿದ್ದದ್ದು ಅದನ್ನ ಇಟ್ಟಾಂವಗ ಮಾತ್ರ. ಆ ಕೀಲಿಗೊಂಚಲ ಕೊಡ್ರಿ."

ಗೊಂಚಲಿನಲ್ಲಿ ಪುಟ್ಟ ಪೆನ್‌ಡ್ರೈವ್ ತೂಗುತ್ತಿತ್ತು. ನಾಸಿರ ಅದನ್ನು ತನ್ನ ಲ್ಯಾಪ್‌ಟಾಪಿಗೆ ಹಚ್ಚಿದ. ನಿನ್ನೆ ಹಚ್ಚಿದ್ದರ ಗುರುತಿಗೆ ಇದರ ಗುರುತು ತಾಳೆಯಾಯಿತು. ಒಳಗೆ ಬುರುಡೆಯ ಚಿತ್ರವೂ ಇತ್ತು.

ಸುಭಾಸ ತಲೆ ತಗ್ಗಿಸಿದ. "ಹೋದ ವಾರ ಮೀಟಿಂಗಿನ್ಯಾಗ ನನ್ನ ಪಾಸ್‌ವರ್ಡ್ ಎಲ್ಲಾರ ಮುಂದ ಮುರದ್ರಿ. ಎಲ್ಲಾರೂ ನಕ್ಕರು. ರಜಾ ದಿನದ ಸಿಪಾಯಿಗಳು ನೀವು, ನಿಮ್ಮ ಕಾವಲು ಎಷ್ಟರದು ಅಂತ ತೋರಸಬೇಕಂದ್ನಿ."

"ಸಿಟ್ಟು ನನ್ನ ಮ್ಯಾಲ. ನೀರು ಊರಿಂದು," ಎಂದಳು ಹಿನಾ. ಮುಂದಿನ ಮಾತು ಪೊಲೀಸರದಾಯಿತು.

ನಾಸಿರ ತುಕಡಿಯಲ್ಲಿ ಕಾಯ್ದಿಟ್ಟಿದ್ದ ಪಂಪ್ ಪ್ರೋಗ್ರಾಮಿನ ಮೂಲ ಪ್ರತಿಯನ್ನು ಕಂಪ್ಯೂಟರಿಗೆ ತುಂಬಿದ. ಪರದೆ ಹಸಿರಾಯಿತು. ಸತ್ಯಪ್ಪ ಗುಂಡಿ ಒತ್ತಿದ. ಗೋಡೆ ನಡುಗುವಂತೆ ಪಂಪು ಗುಡುಗಿತು.

ಹೊತ್ತು ಇಳಿಯುವಾಗ ಹಿನಾಳ ತಾಯಿ ಜಮೀಲಾಬಿಯ ಫೋನು. "ನಳದಾಗ ನೀರ ಬಂತ ಬೇಟಿ! ಓಣ್ಯಾಗ ಎಲ್ಲಾರೂ ವಿದೇಶದವ್ರ ಕೆಲಸ ಅನ್ನಾಕ ಹತ್ಯಾರ. ಯಾವ ದೇಶದಂವ?"

"ಸವದತ್ತಿಯಂವ, ಅಮ್ಮಿ."

"ಇಷ್ಟ ಹತ್ರದಂವನ? ವಿದೇಶದವ್ರು ಮತ್ತ ನೀರ ನಿಲ್ಲಸ್ತಾರಂತ ಹೆದರಿ ನಾ ಸುಮ್ಮನ ಎರಡ ಬ್ಯಾರಲ್ ಜಾಸ್ತಿ ತುಂಬಿಸಿದ್ನಲ್ಲ!"