ಮನೆಯವರು ಒಪ್ಪಿದರಾ?

ಒಳಗೆ ಕಾಲಿಟ್ಟವರೇ ಅವರು ಚಪ್ಪಾಳೆ ತಟ್ಟಿದರು.

ಒಂದೇ ಒಂದು ಸಲ, ಜೋರಾಗಿ. ಸದ್ದು ಹಜಾರದ ಎತ್ತರದ ಚಾವಣಿಗೆ ಬಡಿದು, ಗೋಡೆಯಿಂದ ಗೋಡೆಗೆ ಓಡಾಡಿ, ಸುಸ್ತಾಗಿ ಮೆಟ್ಟಿಲ ಕೆಳಗೆಲ್ಲೋ ಹೋಗಿ ಕೂತಿತು. ನಾನು ಕೀ ಗೊಂಚಲು ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟೆ. ಮನೆ ನೋಡಲು ಬಂದವರು ಗೋಡೆ ಕುಟ್ಟುವುದನ್ನು ನೋಡಿದ್ದೇನೆ, ನಲ್ಲಿ ತಿರುಗಿಸುವುದನ್ನು ನೋಡಿದ್ದೇನೆ, ಕಪಾಟಿನೊಳಗೆ ತಲೆ ತೂರಿಸಿ ಮೂಸಿದವರನ್ನೂ ನೋಡಿದ್ದೇನೆ. ಚಪ್ಪಾಳೆ ತಟ್ಟಿದವರು ಇವರೇ ಮೊದಲು.

"ಯಾರನ್ನ ಕರೀತಿದ್ದೀರಾ ಸರ್? ಮನೆ ಖಾಲಿ ಇದೆ," ಎಂದೆ.

"ಕರೀತಿಲ್ಲ, ಕೇಳಿಸ್ಕೊಳ್ತಿದ್ದೀನಿ." ಅವರು ಬಣ್ಣದ ಗಾಜಿನ ಕಿಟಕಿ, ಕೆತ್ತನೆಯ ಮೆಟ್ಟಿಲುಗಂಬ, ಹೂವಿನ ಚಿತ್ತಾರದ ನೆಲ ಎಲ್ಲವನ್ನೂ ಆಸೆಯಿಂದ ನೋಡಿದರು. "ತುಂಬಾ ಚೆನ್ನಾಗಿದೆ ಮೇಡಂ. ಆದ್ರೆ ಈ ಮನೇಗೆ ಬಾಯಿ ಜಾಸ್ತಿ. ಹೇಳಿದ್ದನ್ನೇ ಮೂರು ಸಲ ಹೇಳುತ್ತೆ."

ಬಾಯಿ ಜಾಸ್ತಿ ಅನ್ನುವ ಬಿರುದು ನಮ್ಮಮ್ಮ ನನಗೆ ಮಾತ್ರ ಮೀಸಲಿಟ್ಟಿದ್ದಳು. ಅದು ಮನೆಗೂ ಸಲ್ಲುತ್ತದೆಂದು ಅವತ್ತು ಗೊತ್ತಾಯಿತು. ನಕ್ಕುಬಿಟ್ಟೆ. ಆ ನಗುವನ್ನೂ ಮನೆ ಮೂರು ಸಲ ನಕ್ಕಿತು, ಅವರು ಹುಬ್ಬೇರಿಸಿ, ನೋಡಿದ್ರಾ, ಎನ್ನುವಂತೆ ನನ್ನ ಕಡೆ ತಿರುಗಿದರು.

ಕಿವಿ ಮಂದವಾದವರಿಗೆ ಮೆಷಿನ್ ಕೂರಿಸುವುದು ಅವರ ವೃತ್ತಿ. ಮನೆಯಲ್ಲಿ ಅವರು ಮತ್ತು ಅವರಮ್ಮ, ಇಬ್ಬರೇ. ಅಮ್ಮನಿಗೆ ಕಿವಿ ಹೋಗುತ್ತ ಬಂದಿತ್ತು. ಮೆಷಿನ್ ಇದ್ದರೂ ಸದ್ದು ಮೊಳಗುವ ಕೋಣೆಯಲ್ಲಿ ಮಾತೆಲ್ಲ ಕಲಸಿಹೋಗುತ್ತದಂತೆ. ಆದರೆ ಆಕೆಗೆ ಬೇಕಾಗಿದ್ದುದು ನಗರದ ಈ ಹಳೇ ಭಾಗದ ಮನೆಯೇ. ಹರೆಯದಲ್ಲಿ ಇಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಡ್ಯೂಟಿ ಮುಗಿಸಿ ಇದೇ ಬೀದಿಗಳಲ್ಲಿ ನಡೆಯುತ್ತ, ಈ ಮನೆಗಳ ಬಾಲ್ಕನಿ ನೋಡುತ್ತ, ಒಂದಲ್ಲ ಒಂದು ದಿನ ಇಲ್ಲೇ ಇರುತ್ತೇನೆ ಅಂದುಕೊಂಡಿದ್ದರಂತೆ.

"ಎತ್ತರದ ಚಾವಣಿ, ದೊಡ್ಡ ಹಜಾರ. ಇಲ್ಲಿರೋ ಮನೆಯೆಲ್ಲಾ ಹಾಗೇ ಅಲ್ವಾ ಸರ್?" ಎಂದೆ.

"ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಎಲ್ಲೋ ಒಂದು ಮನೆಗಾದ್ರೂ ಬುದ್ಧಿ ಇರುತ್ತೆ."

ಹೀಗೆ ನಮ್ಮ ಶನಿವಾರಗಳು ಶುರುವಾದವು.

ನಮ್ಮ ದಂಧೆಯ ಭಾಷೆ ಸ್ವಲ್ಪ ಹೇಳಿಬಿಡುತ್ತೇನೆ. ಮನೆ ಕೊಳ್ಳುವವರು ನಮಗೆ 'ಪಾರ್ಟಿ'. ಮಾರುವವರು 'ಮನೆಯವರು'. ಬೀಗದ ಕೈಗಳೆಲ್ಲ ನನ್ನ ಸೊಂಟದಲ್ಲೇ ತೂಗಾಡುವುದರಿಂದ ನಾನು 'ಕೀ ಮೇಡಂ'. ಕಚೇರಿಯ ಮಾಲೀಕ ಎಲ್ಲರಿಗೂ 'ಅಣ್ಣ'. ನನ್ನ ಹೊಸ ಪಾರ್ಟಿಗೆ ಆತ ಅದೇ ವಾರ 'ಚಪ್ಪಾಳೆ' ಎಂದು ಹೆಸರಿಟ್ಟ.

ಚಪ್ಪಾಳೆಯವರ ಪದ್ಧತಿ ಹೀಗಿತ್ತು: ಮೊದಲು ಒಂದು ಚಪ್ಪಾಳೆ. ಆಮೇಲೆ ಅಮ್ಮನ ಹಳೆಯ ಮೆಷಿನ್ ತಮ್ಮ ಕಿವಿಗೆ ಸಿಕ್ಕಿಸಿಕೊಂಡು, ನನಗೆ ಬೆನ್ನು ಮಾಡಿ ನಿಲ್ಲುವುದು. ನಾನು ದೂರದ ಮೂಲೆಗೆ ಹೋಗಿ ಏನಾದರೂ ಮಾತಾಡಬೇಕು. ತುಟಿ ನೋಡದೆ ಅವರು ಅದನ್ನು ಹಿಡಿಯಬೇಕು.

"ಏನ್ ಮಾತಾಡ್ಲಿ ಸರ್?"

"ಏನಾದ್ರೂ. ನೀವು ಮಾತಿಗೆ ಬರಗಾಲ ಇರೋ ಥರ ಕಾಣಲ್ಲ."

ಮೊದಮೊದಲು ಅಡುಗೆಮನೆಗೆ ಎರಡು ಕಿಟಕಿ, ಬಚ್ಚಲಿಗೆ ಹೊಸ ಪೈಪು ಎಂದೆಲ್ಲ ಒದರಿದೆ. ಬರಬರುತ್ತ ಮನೆಯ ಮಾತು ಮುಗಿದು ನನ್ನ ಮಾತು ಬಂತು. ಊರಿಗೆಲ್ಲ ಬಂಗಲೆ ತೋರಿಸುವ ನನಗಿರುವುದು ಮಹಡಿ ಮೇಲಿನ ಒಂದು ಬಾಡಿಗೆ ಕೋಣೆ, ನೀರಿನ ಟ್ಯಾಂಕ್ ತುಂಬಿ ಸುರಿದರೆ ನನ್ನ ಕಿಟಕಿಯೇ ಜಲಪಾತ. ತಂಗಿಯರನ್ನು ಓದಿಸುವಷ್ಟರಲ್ಲಿ ನನ್ನ ವಯಸ್ಸು ನನಗೆ ಹೇಳದೆಯೇ ಮೂವತ್ತೈದು ದಾಟಿತ್ತು. ಖಾಲಿ ಮನೆಗಳಲ್ಲಿ ಒಬ್ಬಳೇ ಇದ್ದಾಗ, ಇಲ್ಲಿ ನನ್ನ ಕುರ್ಚಿ, ಇಲ್ಲಿ ನನ್ನ ದೀಪ ಎಂದು ಲೆಕ್ಕ ಹಾಕುತ್ತೇನೆಂಬುದನ್ನೂ ಹೇಳಿದೆ. ಯಾರಿಗೂ ಹೇಳಿರಲಿಲ್ಲ. ಮುಖಕ್ಕಿಂತ ಬೆನ್ನಿಗೆ ಹೇಳುವುದು ಸಲೀಸು.

"ಕೇಳಿಸ್ತು," ಎನ್ನುತ್ತಿದ್ದರು ಅವರು ಪ್ರತಿ ಸಲ. ಕೇಳಿಸದಿದ್ದರೆ ಕತ್ತನ್ನಷ್ಟೇ ವಾಲಿಸಿ, ಅರ್ಧ ಕಣ್ಣಿನಲ್ಲಿ ನನ್ನನ್ನು ನೋಡುತ್ತಿದ್ದರು. ಆ ಅರ್ಧ ಕಣ್ಣಿಗಾಗಿ ನಾನು ಕೆಲವು ಮಾತುಗಳನ್ನು ಬೇಕೆಂದೇ ನುಂಗಿದ್ದುಂಟು.

ಆದರೆ ಮನುಷ್ಯ ಹತ್ತಿರ ಬರುತ್ತಿರಲಿಲ್ಲ. ಎಲ್ಲ ಶುರುವಾಗಿದ್ದು ನೀಲಿ ಬಾಲ್ಕನಿಯ ಮನೆಯಲ್ಲಿ. ಅದನ್ನು ಮಾರುತ್ತಿದ್ದವರು ಒಬ್ಬ ಮಹಾ ಸಿಡುಕಿನ ಮುದುಕರು. ನಾವಿನ್ನೂ ಮೆಟ್ಟಿಲ ಮೇಲಿದ್ದಾಗಲೇ ಫೋನ್ ಮಾಡಿ ಕೂಗಾಡಿದರು. ನಾನು ಹ್ಞೂಂ ಹ್ಞೂಂ, ಬಂದೆ ಬಂದೆ, ಎಂದು ಸಮಾಧಾನ ಮಾಡಿ ಫೋನಿಟ್ಟೆ.

"ಮನೆಯವರು," ಎಂದೆ. "ಐದು ಗಂಟೆ ಒಳಗೆ ಹೋಗಿ ಕೀ ಕೊಡ್ಬೇಕು ಸರ್. ಇಲ್ಲಾಂದ್ರೆ ರಂಪ ರಾಮಾಯಣ."

"ಯಾವಾಗ್ಲೂ ಹೀಗೇ ಗದರಿಸ್ತಾರಾ?"

"ಮನೆಯವರು ಅಂದ್ಮೇಲೆ ಇದ್ದಿದ್ದೇ. ನಂಗೆ ಅಭ್ಯಾಸ ಆಗಿದೆ."

ಅವರ ಮುಖ ಚಿಕ್ಕದಾಯಿತು. "ಅಂಥದ್ದೆಲ್ಲಾ ಅಭ್ಯಾಸ ಆಗ್ಬಾರ್ದು ಮೇಡಂ," ಎಂದರು. ತುಂಬ ಮೃದುವಾಗಿ. ಒಬ್ಬ ಮುದುಕನ ಕೂಗಾಟಕ್ಕೆ ಇಷ್ಟು ಮರುಗುವ ಮನುಷ್ಯನನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಅಂದಿನಿಂದ ನಾಲ್ಕೂವರೆ ಆಯಿತೆಂದರೆ ಸಾಕು, "ಹೊರಡಿ, ಮನೆಯವರು ಕಾಯ್ತಿರ್ತಾರೆ," ಎಂದು ನನ್ನನ್ನು ಅಟ್ಟುತ್ತಿದ್ದರು. ಮೂಲೆಯಂಗಡಿಯಲ್ಲಿ ಒಂದು ಕಾಫಿ ಕುಡಿಯೋಣ ಎಂದರೆ, "ಬೇಡ, ನೋಡಿದ್ರೆ ಮನೆಯವರು ಏನಂದ್ಕೋತಾರೆ." ಕಾಫಿ ಕುಡಿದರೆ ಮುದುಕನಿಗೇನು ಎಂದು ಗೊಣಗಿಕೊಂಡೆ. ಈ ಮನುಷ್ಯನಿಗೆ ನಾನು ಬೀಗ ತೆಗೆಯುವವಳು ಮಾತ್ರ ಎಂದು ತೀರ್ಮಾನಿಸಿ, ರಸ್ತೆಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ನಡೆದೆ.

ಆದರೂ ಶನಿವಾರ ಬಂದರೆ ಇಸ್ತ್ರಿ ಮಾಡಿದ್ದನ್ನೇ ಉಡುತ್ತಿದ್ದೆ.

ಈಗ ಆ ದಪ್ಪ ಕೀ ವಿಷಯ. ಎಕ್ಸ್‌ಚೇಂಜ್ ಕಟ್ಟಡದ ಹಿಂದಿನ ಓಣಿಯ ಕೊನೆಗೆ ಒಂದು ಪುಟ್ಟ ಮನೆ ಮಾರಾಟಕ್ಕೆ ಬಂದಿತ್ತು. ಮರದ ತಗ್ಗು ಚಾವಣಿ, ಗೋಡೆಗಳಲ್ಲೇ ಕಟ್ಟಿಸಿದ ಪುಸ್ತಕದ ಕಪಾಟುಗಳು, ಕಿಟಕಿಯಲ್ಲಿ ಕೂರಲು ಒಂದು ಮೆತ್ತೆ. ಅದರ ಒಡತಿಯಾದ ಅಜ್ಜಿ ಮಗಳ ಮನೆಗೆ ಹೊರಟಿದ್ದರು. ಕೀ ತೆಗೆದುಕೊಳ್ಳಲು ಹೋದ ದಿನ ಸುಮ್ಮನೆ ಒಂದು ಚಪ್ಪಾಳೆ ತಟ್ಟಿ ನೋಡಿದೆ. ಸದ್ದು ಬಿದ್ದಲ್ಲೇ ಬಿದ್ದು ಸುಮ್ಮನಾಯಿತು. ಇದೇ ಆ ಬುದ್ಧಿಯಿರುವ ಮನೆ.

ತೋರಿಸಿದರೆ ಮುಗಿಯಿತು. ಅವರು ಸಹಿ ಹಾಕುತ್ತಾರೆ, ಕೈ ಕುಲುಕುತ್ತಾರೆ, ಶನಿವಾರ ಬರುವುದಿಲ್ಲ. ಹಿತ್ತಾಳೆಯ ಆ ದಪ್ಪ ಕೀಯನ್ನು ಗೊಂಚಲಿಗೆ ಪೋಣಿಸಿಕೊಂಡು ಬಾಯಿಗೆ ಬೀಗ ಹಾಕಿದೆ.

"ಗೊಂಚಲಲ್ಲಿ ಹೊಸ ಕೀ ಬಂದಿದೆ," ಎಂದರು ಅವರು ಮುಂದಿನ ಸಲ, ನೋಡದೆಯೇ. "ದಪ್ಪ ದನಿ. ಯಾವ ಮನೇದು?"

"ಅದಾ? ಹಳೇದು ಸರ್. ಯಾವ ಬೀಗಕ್ಕೂ ಆಗಲ್ಲ."

ಅವರು ಒಂದು ಗಳಿಗೆ ನನ್ನನ್ನೇ ನೋಡಿ, ಹೌದಾ, ಎಂದರು.

ಒಂದು ಶನಿವಾರ ಅವರು ಚಪ್ಪಾಳೆ ತಟ್ಟಲಿಲ್ಲ. ಕಿಟಕಿ ಕಟ್ಟೆಯ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದರು.

"ನಿನ್ನೆ ಅಕ್ಕ ಬಂದಿದ್ಳು. ಭಾವನಿಗೆ ಕೆಲಸ ಹೋಯ್ತು ಅಂತ ಅಮ್ಮನ ಮುಂದೆ ಹೇಳ್ಕೊಂಡು ಅತ್ಳು. ಅಮ್ಮ ನಕ್ಕುಬಿಟ್ರು. ಏನೋ ತಮಾಷೆ ಹೇಳ್ತಿದ್ದಾಳೆ ಅಂದ್ಕೊಂಡಿದ್ರು. ಆಮೇಲೆ ಗೊತ್ತಾಗಿ ರೂಮಿಗೆ ಹೋದೋರು ಇನ್ನೂ ಆಚೆ ಬಂದಿಲ್ಲ. ಇನ್ಮೇಲೆ ಯಾರ ಹತ್ರಾನೂ ಮಾತಾಡಲ್ವಂತೆ," ಎಂದರು.

ನಾಚಿಕೆಯಿಂದ ನನ್ನ ಮುಖ ಸುಟ್ಟಂತಾಯಿತು. ನಾನು ನನ್ನ ಶನಿವಾರ ಉಳಿಸಿಕೊಳ್ಳುತ್ತಿದ್ದೆ. ಒಬ್ಬ ತಾಯಿ ಮಾತೇ ಬಿಟ್ಟಿದ್ದರು. ಸಾಲದ್ದಕ್ಕೆ ಬೆಳಿಗ್ಗೆಯೇ ಅಣ್ಣ ಹೇಳಿದ್ದ: ಓಣಿಯ ಮನೆಗೆ ಬೇರೆ ಪಾರ್ಟಿ ಸಿಕ್ಕಿದೆ, ಸೋಮವಾರ ಬಂದು ಮುಗಿಸುತ್ತಾರೆ.

"ಏಳಿ ಸರ್, ಒಂದು ಮನೆ ಇದೆ," ಎಂದೆ.

ಓಣಿಯ ಕೊನೆಯ ಆ ಮನೆಗೆ ಕರೆದುಕೊಂಡು ಹೋದೆ. ದಪ್ಪ ಕೀ ಬೀಗದಲ್ಲಿ ಮೆತ್ತಗೆ ತಿರುಗಿತು. ಅವರು ಒಳಗೆ ಬಂದು ಚಪ್ಪಾಳೆ ತಟ್ಟಿದರು. ತಟ್ಟಿದ ಕೈ ಹಾಗೇ ಜೋಡಿಸಿಕೊಂಡು ನಿಂತುಬಿಟ್ಟರು. ಮತ್ತೊಂದು ಸಲ ತಟ್ಟಿದರು, ಮೆಲ್ಲಗೆ, ನಂಬಿಕೆ ಬರದವರಂತೆ. ಆಮೇಲೆ ಮೆಷಿನ್ ಸಿಕ್ಕಿಸಿಕೊಂಡು ನನಗೆ ಬೆನ್ನು ಮಾಡಿದರು.

"ಈ ಕಿಟಕಿಯಿಂದ ಎಕ್ಸ್‌ಚೇಂಜ್ ಕಾಣುತ್ತೆ," ಎಂದೆ ಮೂಲೆಯಿಂದ.

"ಕೇಳಿಸ್ತು."

"ಹೊಸ್ತಿಲು ತಗ್ಗಿದೆ, ಅಮ್ಮ ಎಡವಲ್ಲ," ಎಂದೆ, ಇನ್ನೂ ಮೆಲ್ಲಗೆ.

"ಕೇಳಿಸ್ತು! ಒಳಗಿನ ರೂಮಿಂದ ಹೇಳಿ."

ಒಳಗಿನ ಕೋಣೆಗೆ ಹೋದೆ. ಗೋಡೆಯ ಕಡೆ ಮುಖ ಮಾಡಿ ನಿಂತೆ. ಇಲ್ಲಿಂದ ಆಡಿದ್ದು ನನ್ನ ಕಿವಿಗೇ ಸರಿಯಾಗಿ ಬೀಳುವುದಿಲ್ಲ, ಅವರಿಗೇನು ಬಿದ್ದೀತು ಅನ್ನಿಸಿತು. ತಡೆದುಕೊಂಡಿದ್ದೆಲ್ಲ ಉಸಿರಿನ ಜೊತೆ ಹೊರಗೆ ಬಂತು.

"ನೀವು ಈ ಮನೆ ತಗೊಂಡ್ಬಿಟ್ರೆ ಶನಿವಾರ ನಾನೇನ್ ಮಾಡ್ಲಿ? ಈ ಕೀ ಮೊದಲಿಂದ್ಲೂ ನನ್ನ ಹತ್ರ ಇತ್ತು. ಬೇಕು ಅಂತ್ಲೇ ತೋರಿಸ್ಲಿಲ್ಲ. ನಂಗೆ ನೀವು ಬೇಕಾಗಿತ್ತು. ಅಷ್ಟೇ."

ಹಜಾರದಿಂದ, ತುಂಬ ನಿಧಾನವಾಗಿ:

"ಕೇಳಿಸ್ತು."

ಮೆಷಿನ್ ಇರುವುದು ಪಿಸುಮಾತು ದೊಡ್ಡದು ಮಾಡುವುದಕ್ಕೇ ಎಂಬುದು ನನಗೆ ಆಗ ನೆನಪಾಯಿತು. ಭೂಮಿ ಬಾಯಿಬಿಡಬಾರದೇ ಎಂದುಕೊಳ್ಳುವಷ್ಟರಲ್ಲಿ ಅವರು ಬಾಗಿಲಿಗೆ ಬಂದಿದ್ದರು. ಮುಖದಲ್ಲಿ ಸಂತೋಷವೂ ಇತ್ತು, ಸಂಕಟವೂ ಇತ್ತು.

"ನಂಗೂ ಅಷ್ಟೇ ಮೇಡಂ. ಆದ್ರೆ ನಿಮ್ಮ ಮನೆಯವರು?"

"ಮನೆಯವರಿಗೇನು? ಯಾರಾದ್ರೂ ಒಳ್ಳೆಯವರ ಕೈಗೆ ಒಪ್ಪಿಸಿ ಹೋದ್ರೆ ಸಾಕು ಅಂತ ಕಾಯ್ತಿದ್ದಾರೆ."

"ನಿಮ್ಮನ್ನಾ?"

"ಮನೇನ ಸರ್!"

ಅವರು ಕಣ್ಣು ಪಿಳಿಪಿಳಿ ಬಿಟ್ಟರು. "ಮತ್ತೆ ಐದು ಗಂಟೆಗೆ ರಂಪ ಮಾಡೋರು?"

"ಅವರು ನೀಲಿ ಬಾಲ್ಕನಿ ಮನೆಯವರು. ಮನೆ ಮಾರೋರಿಗೆ ನಾವು ಮನೆಯವರು ಅಂತೀವಿ. ನೀವು ಯಾರಂತ ಅಂದ್ಕೊಂಡ್ರಿ?"

ಕೇಳಿದ ಮೇಲೆ ನನಗೇ ಹೊಳೆಯಿತು. ಹೊರಡಿ ಹೊರಡಿ ಎಂದು ಅಟ್ಟಿದ್ದು, ಬೇಡವೆಂದ ಕಾಫಿ, ಅಭ್ಯಾಸ ಆಗಬಾರದು ಎಂದ ಆ ಮೃದು ದನಿ. ಈ ಮಹಾನುಭಾವರು ಇಷ್ಟು ದಿನ ನನಗೊಬ್ಬ ಮುಂಗೋಪಿ ಗಂಡನನ್ನು ಕಟ್ಟಿಕೊಟ್ಟು, ಅವನಿಗೆ ಹೆದರಿ ದೂರ ನಿಂತಿದ್ದರು.

"ನಂಗೆ ಮನೇನೇ ಇಲ್ಲ. ಮನೆಯವರು ಎಲ್ಲಿಂದ ಬರ್ಬೇಕು?" ಎಂದೆ. ನಗು ಬಂತು, ಅದರ ಹಿಂದೆಯೇ ಅಳುವೂ ಬಂತು.

ಅವರು ಹತ್ತಿರ ಬಂದು ಗೊಂಚಲಿನಿಂದ ಆ ದಪ್ಪ ಕೀಯನ್ನು ಬೆರಳಲ್ಲಿ ಹಿಡಿದರು. "ಯಾವ ಬೀಗಕ್ಕೂ ಆಗಲ್ಲ ಅಂದ ದಿನವೇ ಗೊತ್ತಾಗಿತ್ತು. ಸುಳ್ಳು ಹೇಳ್ವಾಗ ನಿಮ್ಮ ದನಿ ಸ್ವಲ್ಪ ಮೇಲಕ್ಕೆ ಹೋಗುತ್ತೆ. ಯಾಕೆ ಅಂತ ಕೇಳಲಿಲ್ಲ. ಕೇಳಿದ್ರೆ ಈ ಓಡಾಟ ನಿಂತುಹೋಗುತ್ತೆ ಅಂತ ನಂಗೂ ಭಯ ಇತ್ತು. ಅಮ್ಮನ ಹತ್ರ ಇಬ್ರೂ ಕ್ಷಮೆ ಕೇಳ್ಬೇಕು."

ಮರುದಿನವೇ ಅಮ್ಮ ಬಂದರು. ನೇರ ನಿಲುವು, ತೋಳಿಗೆ ಕೈಚೀಲ. ಬರುವಾಗ ಯಾರ ಮುಖವನ್ನೂ ನೋಡಲಿಲ್ಲ. ಕಿಟಕಿಯ ಮೆತ್ತೆಯ ಮೇಲೆ ಕೂತು, ಹೊರಗಿನ ಎಕ್ಸ್‌ಚೇಂಜ್ ಕಟ್ಟಡವನ್ನು ತುಂಬ ಹೊತ್ತು ನೋಡಿದರು.

ಮಗ ನನ್ನ ಜೊತೆ ಒಳಗಿನ ಕೋಣೆಗೆ ಹೋಗಿ ಸಾಧಾರಣ ದನಿಯಲ್ಲಿ ಕರೆದರು. "ಅಮ್ಮಾ, ಮನೆ ಹಿಡಿಸ್ತಾ?"

ಆಕೆಯ ಬೆನ್ನು ಸೆಟೆಯಿತು. ತಿರುಗಲಿಲ್ಲ.

"ಕಿರುಚ್ಬೇಡ್ವೋ," ಎಂದರು. "ಲೈನ್ ಕ್ಲಿಯರ್ ಇದೆ."

ಅವರು ಕಣ್ಣೊರೆಸಿಕೊಳ್ಳುವುದನ್ನು ನಾನು ಬಾಗಿಲ ಸಂದಿಯಿಂದ ನೋಡಿದೆ. ಮಗನೂ ನನ್ನ ಪಕ್ಕದಲ್ಲಿ ನಿಂತು ನೋಡಿದರು. "ನಮ್ಮ ವಿಷಯ ಈಗ್ಲೇ ಹೇಳ್ಲಾ?" ಎಂದು ನನ್ನ ಕಿವಿಯಲ್ಲಿ ಉಸುರಿದರು. "ಬೇಡ, ಆಮೇಲೆ," ಎಂದು ನಾನೂ ಉಸುರಿದೆ.

"ಏನ್ ಹೇಳ್ಬೇಕೋ ಹೇಳ್ಬಿಡ್ರಪ್ಪಾ," ಎಂದರು ಅಮ್ಮ, ಕಿಟಕಿಯಿಂದ ಕಣ್ಣು ತೆಗೆಯದೆ. "ಎರಡೂ ಕಡೆ ಕೇಳಿಸ್ತಿದೆ."

ಮಗನ ಕಿವಿ ಕೆಂಪಗಾದವು. ಸರಸರನೆ ಹಜಾರಕ್ಕೆ ಹೋಗಿ, ಅಮ್ಮನ ಪಕ್ಕದಲ್ಲಿ ಕಿಟಕಿಗೆ ಮುಖ ಮಾಡಿ ನಿಂತುಕೊಂಡರು. ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅಣ್ಣ. ಆತನಿಗೆ ಬೇಕಾಗಿದ್ದುದು ಅಜ್ಜಿಯ ಉತ್ತರ, ಕೇಳಿದ್ದು ನಮ್ಮ ದಂಧೆಯ ಭಾಷೆಯಲ್ಲಿ.

"ಏನಾಯ್ತಮ್ಮಾ? ಮನೆಯವರು ಒಪ್ಪಿದ್ರಾ?"

ಮನೆಯನ್ನು ಇವರಿಗೇ ಕೊಡಲು ಅಜ್ಜಿ ಬೆಳಿಗ್ಗೆಯೇ ಒಪ್ಪಿದ್ದರು. ಆದರೆ ನಾನು ನೋಡುತ್ತಿದ್ದುದು ಕಿಟಕಿಯ ಬಳಿಯ ಆ ಬೆನ್ನನ್ನು.

"ಒಪ್ಪಿದ್ರು ಅಣ್ಣಾ," ಎಂದೆ, ಎಷ್ಟು ಸಾಧ್ಯವೋ ಅಷ್ಟು ಮೆಲ್ಲಗೆ.

ಅವರು ತಿರುಗಲಿಲ್ಲ.

"ಕೇಳಿಸ್ತು," ಎಂದರು.