ಫ್ರಿಡ್ಜ್‌ಗೆ ಮಾತ್ರ ಚಕ್ರವರ್ತಿ

"ನಾನು ಡಯೋಕ್ಲೀಷಿಯನ್! ರೋಮಿನ... ರೋಮಿನ..."

ಪೆರಿನಾಳ ಬಾಯಿ ಅಲ್ಲಿಗೇ ಕಟ್ಟಿತು. ಹೆಗಲ ಮೇಲೆ ನೇರಳೆ ಶಾಲು, ತಲೆಯ ಮೇಲೆ ಎಲೆಗಳ ಕಿರೀಟ, ಕೈಯಲ್ಲಿ ರಾಜದಂಡ. ಎಲ್ಲ ಇತ್ತು, ಮಾತೊಂದು ಬಿಟ್ಟು.

"ರೋಮಿನ ಸೈನಿಕರೇ," ಎಂದು ಕಂಬದ ಹಿಂದಿನಿಂದ ಯಾಗೊದಾ ಪಿಸುಗುಟ್ಟಿದಳು. ಮಾತು ಮರೆತವರಿಗೆ ನೆನಪಿಸುವುದು ಅವಳ ಕೆಲಸ. ಆದರೆ ಯಾಗೊದಾ ಪಿಸುಗುಟ್ಟಿದರೆ ಬಂದರಿನಲ್ಲಿರುವ ದೋಣಿಯವರಿಗೂ ಕೇಳಿಸುತ್ತದೆ. ಹಳೆಯ ಅರಮನೆಯ ಅಂಗಳದ ಮೆಟ್ಟಿಲ ಮೇಲೆ ಕೂತು ಐಸ್‌ಕ್ರೀಮ್ ತಿನ್ನುತ್ತಿದ್ದ ಟೂರಿಸ್ಟರು ಕಿಸಕ್ಕನೆ ನಕ್ಕರು.

"ರೋಮಿನ ಸೈನಿಕರೇ!" ಎಂದಳು ಪೆರಿನಾ. ಅವಳ ದನಿ ಮೊದಲ ಮೆಟ್ಟಿಲು ಮುಟ್ಟುವಷ್ಟರಲ್ಲೇ ಸುಸ್ತಾಗಿ ಬಿತ್ತು.

"ಟೀಚರ್, ಚಕ್ರವರ್ತಿಗೆ ನೆಗಡಿನಾ?" ಎಂದು ಶಿಮೆ ಕೇಳಿದ. ಅವನದು ಈ ಚಕ್ರವರ್ತಿ ಕೊಲ್ಲಿಸಿದ ಬಿಷಪ್ಪನ ಪಾತ್ರ.

"ನೀನು ಸುಮ್ನಿರೋ. ನಿನ್ನ ತಲೆ ಕಡಿಯೋದು ಇನ್ನೂ ಆಮೇಲೆ," ಎಂದರು ಗೊರ್ಡಾನಾ ಟೀಚರ್. "ಪೆರಿನಾ, ಜೋರಾಗಿ ಹೇಳಮ್ಮಾ. ನೀನು ಸಾಮ್ರಾಜ್ಯ ಗೆಲ್ತಿದೀಯ, ಲೈಬ್ರರೀಲಿ ಪುಸ್ತಕ ಕೇಳ್ತಿಲ್ಲ."

ಈ ಪಾತ್ರವನ್ನು ಪೆರಿನಾಗೆ ಯಾರೂ ಬಲವಂತವಾಗಿ ಕೊಟ್ಟಿರಲಿಲ್ಲ. ಅದೇ ದೊಡ್ಡ ಫಜೀತಿ.

ಅವಳ ಮನೆ ಇರುವುದು ಡಯೋಕ್ಲೀಷಿಯನ್ ಕಟ್ಟಿಸಿದ ಅರಮನೆಯ ಒಳಗೇ. ಸ್ಪ್ಲಿಟ್ ಊರಿನಲ್ಲಿ ಹಾಗೆ ಬಹಳ ಮನೆಗಳಿವೆ. ಅವರ ಅಡುಗೆಮನೆಯಲ್ಲಿ ಫ್ರಿಡ್ಜ್ ಒರಗಿ ನಿಂತಿರುವುದು ಸಾವಿರದ ಏಳುನೂರು ವರ್ಷ ಹಳೆಯ ಗೋಡೆಗೆ. ಎರಡು ವಾರದ ಹಿಂದೆ ಕ್ಲಾಸಿನಲ್ಲಿ ಪಾತ್ರ ಹಂಚುವಾಗ ಟೀಚರ್ ಯಾಗೊದಾಳ ಹೆಸರು ಹೇಳುವುದರಲ್ಲಿದ್ದರು. ಪೆರಿನಾ ಎದ್ದು ನಿಂತಳು.

"ಟೀಚರ್, ಚಕ್ರವರ್ತಿ ಅಂದ್ಮೇಲೆ ಅರಮನೆಯೋರೇ ಆಗ್ಬೇಕು. ಯಾಗೊದಾ ದಿನಾ ಬಸ್ಸಲ್ಲಿ ಬರ್ತಾಳೆ. ಚಕ್ರವರ್ತಿ ಎಲ್ಲಾದ್ರೂ ಬಸ್ಸಲ್ಲಿ ಬರ್ತಾನಾ?"

ಇಡೀ ಕ್ಲಾಸು ನಕ್ಕಿತು. ಯಾಗೊದಾ ನಗಲಿಲ್ಲ. "ಅವಳಿಗೇ ಕೊಡಿ ಟೀಚರ್," ಎಂದಳು, ಅಷ್ಟೇ. ಒಂದನೇ ಕ್ಲಾಸಿನಿಂದ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿ ಅವತ್ತಿನಿಂದ ನಾಟಕದ ಮಾತು ಬಿಟ್ಟು ಬೇರೆ ಒಂದಕ್ಷರವನ್ನೂ ಅವಳೊಡನೆ ಆಡಿರಲಿಲ್ಲ.

ಪೆರಿನಾ ಮನೆಗೆ ಬಂದು ಕಿರೀಟ ತೆಗೆದಿಟ್ಟು ಕೈ ತೊಳೆದು ಬರುವಷ್ಟರಲ್ಲಿ ಕಿರೀಟ ತೆಳ್ಳಗಾಗಿತ್ತು.

"ನೋನಾ! ನನ್ನ ಕಿರೀಟ!"

"ಎರಡೇ ಎರಡು ಎಲೆ ಕಿತ್ತೆ ಕಣೇ," ಎಂದಳು ಅಜ್ಜಿ, ಮೀನಿನ ಸಾರು ಅಲ್ಲಾಡಿಸುತ್ತ. "ಲಾರೆಲ್ ಎಲೆ ಹಾಕ್ದೇ ಇದ್ರೆ ಸಾರಿಗೆ ಘಮ ಬರಲ್ಲ. ನಿನ್ನ ಸಾಮ್ರಾಜ್ಯ ಏನೂ ಮುಳುಗೋಗಲ್ಲ ಬಿಡು."

"ಅದು ಆಗ್ಲೇ ಮುಳುಗಿದೆ," ಎಂದು ಪೆರಿನಾ ಫ್ರಿಡ್ಜ್ ಎದುರು ನಿಂತಳು. ಮೊದಲಿನಿಂದ ಕೊನೆಯವರೆಗೆ ತನ್ನ ಮಾತನ್ನೆಲ್ಲ ಒಪ್ಪಿಸಿದಳು. ಒಂದೂ ತಪ್ಪಲಿಲ್ಲ. "ನೋಡಿದ್ಯಾ? ಜನ ಕಂಡ್ರೆ ಮಾತ್ರ ನಾಲಿಗೆ ಒಳಗೆ ಓಡುತ್ತೆ. ನಾನು ಫ್ರಿಡ್ಜ್‌ಗೆ ಮಾತ್ರ ಚಕ್ರವರ್ತಿ."

ನೋನಾ ನಕ್ಕಳು. "ಹಾಗಾದ್ರೆ ಯಾಕೆ ಬೇಕಿತ್ತು ಆ ಪಾತ್ರ?"

"ನಾವು ಅರಮನೆಯೋರಲ್ವಾ? ಯಾಗೊದಾ ಬಸ್ಸಲ್ಲಿ ಬರೋಳು."

"ಎಲ್ಲಿಯ ಅರಮನೆಯೋರು! ನಿಮ್ಮಜ್ಜ ಈ ಮನೆಗೆ ಬಾಡಿಗೆಗೆ ಬಂದಿದ್ದು. ಇನ್ನು ನಿನ್ನ ಡಯೋಕ್ಲೀಷಿಯನ್, ಅವನೇನು ಅರಮನೇಲಿ ಹುಟ್ಟಿದ್ನಾ? ಅವನಪ್ಪ ಯಾರದೋ ಮನೇಲಿ ಗುಲಾಮ ಆಗಿದ್ದನಂತೆ. ಮಗ ಸಿಪಾಯಿ ಆಗಿ, ಒಂದೊಂದೇ ಮೆಟ್ಲು ಹತ್ತಿ ಮೇಲೆ ಬಂದ. ಊರು ನಮ್ಮ ಸೊಲಿನ್ ಕಡೆ. ಇಲ್ಲಿಂದ ಬಸ್ಸಲ್ಲಿ ಇಪ್ಪತ್ತು ನಿಮಿಷ. ಆಗ ಬಸ್ ಇರ್ಲಿಲ್ಲ. ಇದ್ದಿದ್ರೆ ಅವನೂ ಬಸ್ಸಲ್ಲೇ ಬರ್ತಿದ್ದ."

ಪೆರಿನಾಳ ಕಿವಿಯೆರಡೂ ಬಿಸಿಯಾದವು. ಅವತ್ತಿನ ಸಾರು ತುಂಬ ಚೆನ್ನಾಗಿತ್ತು, ಆದರೆ ಅವಳಿಗೆ ಸೇರಲಿಲ್ಲ.

ಶುಕ್ರವಾರ ಕೊನೆಯ ರಿಹರ್ಸಲ್. ಚಕ್ರವರ್ತಿ ತಾನಾಗಿಯೇ ಪದವಿ ಬಿಡುವ ದೃಶ್ಯ ಬಂತು. ಪೆರಿನಾ ಶಾಲು ಕಳಚಿ, "ಇಪ್ಪತ್ತೊಂದು ವರ್ಷ ಆಳಿದೆ. ಇನ್ನು ಸಾಕು," ಎಂದಳು. ಶಾಲನ್ನು ಹೊಸ ಚಕ್ರವರ್ತಿಯಾದ ಹುಡುಗನಿಗೆ ಕೊಡಬೇಕಿತ್ತು. ಅವನು ಕೈ ಚಾಚಿದ. ಅವಳು ಅವನನ್ನು ದಾಟಿ ಕಂಬದ ಹಿಂದೆ ಹೋಗಿ ಯಾಗೊದಾಳ ಹೆಗಲಿಗೆ ಹೊದಿಸಿದಳು.

"ಇದು ನಾಟಕದಲ್ಲಿಲ್ಲ," ಎಂದಳು ಯಾಗೊದಾ.

"ಗೊತ್ತು. ನಿಂಗೆಲ್ಲ ಬಾಯಿಪಾಠ ಇದೆ, ದನಿನೂ ಇದೆ. ಅವತ್ತು ಬಸ್ಸಿನ ಮಾತು ಆಡಬಾರದಿತ್ತು. ಸಾರಿ ಕಣೇ. ನಾನು ಬರೀ ಜಂಬದ ಮೂಟೆ."

ಯಾಗೊದಾ ಅವಳನ್ನೇ ನೋಡಿದಳು. ಕೈಲಿದ್ದ ನಾಟಕದ ನೋಟ್‌ಬುಕ್ಕನ್ನು ಅವಳಿಗೆ ಕೊಟ್ಟು, ಮೆಟ್ಟಿಲು ಹತ್ತಿ, ಮೊದಲಿನಿಂದ ಶುರುಮಾಡಿದಳು. ಟೀಚರ್ "ನಾಳೆ ನಾಟಕ, ಇವತ್ತು ನಿಮ್ಮ ಆಟ!" ಎಂದು ತಲೆ ಚಚ್ಚಿಕೊಂಡರೂ ಎರಡೇ ನಿಮಿಷದಲ್ಲಿ ಸುಮ್ಮನಾದರು.

ಪೆರಿನಾ ನೋಟ್‌ಬುಕ್ ಹಿಡಿದು ಕಂಬಕ್ಕೊರಗಿದಳು. ರಾಜ್ಯವೂ ಹೋಯಿತು, ಗೆಳತಿಯೂ ಬರಲಿಲ್ಲ. ಭಲೇ ಪೆರಿನಾ, ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಅಂಗಳದ ತುಂಬ ಜನ. ಯಾಗೊದಾ "ರೋಮಿನ ಸೈನಿಕರೇ!" ಎಂದ ರಭಸಕ್ಕೆ ಪಾರಿವಾಳಗಳು ಎದ್ದು ಹಾರಿದವು. ತಲೆ ಕಡಿಸಿಕೊಂಡ ಶಿಮೆ ಎದ್ದು ನಿಂತು, "ನನ್ನನ್ನು ಕೊಲ್ಲಿಸಿದ ರಾಜನ ಗೋರಿಯೇ ಈಗ ನನ್ನ ಹೆಸರಿನ ಚರ್ಚು!" ಎಂದು ಎದುರಿನ ಚರ್ಚಿನತ್ತ ಕೈ ತೋರಿಸಿದಾಗ ಶಿಳ್ಳೆಗಳೇ ಬಿದ್ದವು. ಪೆರಿನಾಗೆ ಹೊಟ್ಟೆ ಸ್ವಲ್ಪ ಉರಿಯಿತು, ಸುಳ್ಳು ಯಾಕೆ ಹೇಳಬೇಕು.

ಕೊನೆಯ ದೃಶ್ಯ. ಮುದುಕ ಚಕ್ರವರ್ತಿ ತೋಟದಲ್ಲಿದ್ದಾನೆ. ದೂತರು ಬಂದು ಮಂಡಿಯೂರಿದರು. "ದೊರೆಯೇ, ರಾಜ್ಯ ಹಾಳಾಗುತ್ತಿದೆ. ಮತ್ತೆ ಸಿಂಹಾಸನ ಏರಬೇಕು!"

ಯಾಗೊದಾ ಬಾಯಿ ತೆರೆದಳು. ಮಾತು ಬರಲಿಲ್ಲ. ಗುದ್ದಲಿ ಹಿಡಿದಂತೆಯೇ ಅವಳು ಕಂಬದ ಕಡೆ ಕಣ್ಣು ಹಾಯಿಸಿದಳು. ಹಾಗೆ ಮಾತು ಕಟ್ಟುವುದು ಹೇಗಿರುತ್ತದೆಂದು ಪೆರಿನಾಳಷ್ಟು ಚೆನ್ನಾಗಿ ಅಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ.

ಅವಳು ನೋಟ್‌ಬುಕ್ ನೋಡಲೂ ಇಲ್ಲ. "ನನ್ನ ಕೈಯಾರೆ ನೆಟ್ಟ ಕೋಸನ್ನು ಒಮ್ಮೆ ನೀವು ನೋಡಿದ್ದರೆ," ಎಂದು ಪಿಸುಗುಟ್ಟಿದಳು, "ಮರಳಿ ಬಾ ಎಂದು ಕೇಳುತ್ತಲೇ ಇರಲಿಲ್ಲ."

ಯಾಗೊದಾ ಅದನ್ನೇ ಅಂಗಳ ತುಂಬುವಂತೆ ಹೇಳಿದಳು. ಅವಳು ಬೇಕೆಂದೇ ಒಂದು ಕ್ಷಣ ತಡೆದು ಹೇಳಿದಳೆಂದು ಎಲ್ಲರೂ ಅಂದುಕೊಂಡರು. ಚಪ್ಪಾಳೆಯೋ ಚಪ್ಪಾಳೆ. ಪೆರಿನಾಗೆ ಯಾವತ್ತೂ ಆ ಮಾತು ಕೇಳಿದರೆ ನಗು ಬರುತ್ತಿತ್ತು. ಕೋಸಿಗಾಗಿ ಯಾರಾದರೂ ಸಿಂಹಾಸನ ಬೇಡ ಅಂತಾರಾ, ಪೆದ್ದ ಮುದುಕ! ಇವತ್ತು ಯಾಕೋ ನಗು ಬರಲಿಲ್ಲ.

ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಯಾಗೊದಾ ನೇರ ಕಂಬದ ಹಿಂದೆ ಬಂದಳು.

"ನೀನು ಹೇಳ್ಕೊಟ್ಟಿದ್ದು ಒಬ್ರಿಗೂ ಕೇಳಿಸ್ಲಿಲ್ಲ ಕಣೇ! ಅಷ್ಟು ಮೆಲ್ಲಗೆ ಹೇಗೆ ಪಿಸುಗುಟ್ತೀಯ?"

"ಪಿಸುಗುಟ್ಟೋದೇನು ಬಂತು? ನಂದು ಜೋರು ದನಿನೇ ಅಷ್ಟು," ಎಂದಳು ಪೆರಿನಾ.

ಯಾಗೊದಾ ನಕ್ಕಳು. ಎರಡು ವಾರದ ನಗು ಒಟ್ಟಿಗೇ ಬಂದು ಬಿಕ್ಕಳಿಕೆ ಹತ್ತಿತು.

"ಯಾಗೊದಾ! ಎಲ್ಲಿದಾಳೆ ನಮ್ಮ ಚಕ್ರವರ್ತಿ? ಎಲ್ಲರೂ ಕರೀತಿದಾರೆ, ಬಾರಮ್ಮಾ ಮೆಟ್ಟಿಲ ಮೇಲೆ!" ಎಂದು ಟೀಚರ್ ಕೂಗಿದರು.

"ಹೋಗಲ್ವಾ?" ಎಂದು ಪೆರಿನಾ ಕೇಳಿದಳು.

"ಆಮೇಲೆ," ಎಂದಳು ಯಾಗೊದಾ. ಶಾಲಿಗೆ ಧೂಳಾದೀತೆಂದೂ ನೋಡದೆ ನೆಲದ ಮೇಲೆ ಕೂತು, "ಸ್ವಲ್ಪ ಸರಿಯೇ ಆ ಕಡೆ," ಎಂದಳು.

ಪೆರಿನಾ ಸರಿದು ಜಾಗ ಕೊಟ್ಟಳು.